ಡಿಸ್ಚಾರ್ಜ್ ಬುಕ್‌ನಲ್ಲಿ ಅವ್ವ 'ಯಲ್ಲವ್ವ', ಆಧಾರ್‌ನಲ್ಲಿ 'ಯಲ್ಲಮ್ಮ': ಮೊದಲು ಯಾವ ಆಫೀಸಿಗೆ ಹೋಗಬೇಕು?

ಟ್ರಂಕಿನಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ ಒಂದು ದಾರಿ ಹೇಳಿ.

ಅಪ್ಪ ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದರು. 1984ರಲ್ಲಿ ಭರ್ತಿ, 2006ರಲ್ಲಿ ರಿಟೈರ್ ಆಗಿ ಊರಿಗೆ ಬಂದರು. ಈ ಫೆಬ್ರವರಿಯಲ್ಲಿ ತೀರಿಕೊಂಡರು, 60 ವರ್ಷ. ಮನೆಯಲ್ಲಿ ಅವ್ವ, ನಾನು, ತಂಗಿ, ತಮ್ಮ. ತಂಗಿಗೆ ಮದುವೆ ಗೊತ್ತಾಗಿದೆ. ತಮ್ಮ ಸೆಕೆಂಡ್ ಪಿಯು, ಸಿಇಟಿ ಬರೆಯೋನಿದ್ದಾನೆ.

ಪೆನ್ಷನ್ ಅವ್ವನ ಹೆಸರಿಗೆ ಮಾಡಿಸೋಣ ಅಂತ ಬ್ಯಾಂಕಿಗೆ ಹೋದೆ. 'ಈಗ ನಮ್ಮ ಕೈಯಲ್ಲಿ ಇಲ್ಲಮ್ಮ, ಎಲ್ಲ ಸ್ಪರ್ಶ್‌ನಲ್ಲಿ' ಅಂದರು. ಸೈನ್ಯದ ಪೆನ್ಷನ್‌ನ ಆನ್‌ಲೈನ್ ವ್ಯವಸ್ಥೆಯಂತೆ ಅದು. ಸೇವಾ ಕೇಂದ್ರದ ಹುಡುಗ ಕಂಪ್ಯೂಟರ್ ನೋಡಿ 'ಹೆಸರು ಮಿಸ್‌ಮ್ಯಾಚ್' ಅಂದ. ಏನಂದ್ರೆ ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ (ರಿಟೈರ್ ಆಗುವಾಗ ಸೈನ್ಯದವರು ಕೊಡೋ ದಾಖಲೆ ಪುಸ್ತಕ) ಅವ್ವನ ಹೆಸರು ಯಲ್ಲವ್ವ, ಆಧಾರ್‌ನಲ್ಲಿ ಯಲ್ಲಮ್ಮ. ಹುಟ್ಟಿದ ದಿನಾಂಕನೂ ಬೇರೆ, ಮೂರು ವರ್ಷದ ವ್ಯತ್ಯಾಸ. ನಮ್ಮ ಜಿಲ್ಲೆಯಲ್ಲಿ ಸೈನಿಕ ಕಲ್ಯಾಣ ಕಚೇರಿ ಇಲ್ಲ, ಪಕ್ಕದ ಜಿಲ್ಲೆಗೆ ಎರಡೂವರೆ ಗಂಟೆ ಬಸ್ಸು. ಅಲ್ಲಿಗೆ ಹೋದ್ರೆ ವಂಶವೃಕ್ಷ ತನ್ನಿ ಅಂದರು. ತಗೊಂಡು ಹೋದ್ರೆ ಇದರಲ್ಲಿ ಯಲ್ಲಮ್ಮ ಅಂತ ಇದೆ, ನಮ್ಮ ರಿಜಿಸ್ಟರ್‌ನಲ್ಲಿ ಯಲ್ಲವ್ವ, ಸೈನ್ಯದ ರೆಕಾರ್ಡ್ ಆಫೀಸಿನವರು ಸರಿ ಮಾಡಬೇಕು ಅಂತ ವಾಪಸ್ ಕಳಿಸಿದರು. ರೆಕಾರ್ಡ್ ಆಫೀಸಿಗೆ ಪೋಸ್ಟ್ ಮಾಡಿದೆ. ಒಂದೂವರೆ ತಿಂಗಳಾಯ್ತು, ಉತ್ತರ ಇಲ್ಲ.

ಇನ್ನೂ ಒಂದಿದೆ. ತಮ್ಮ ಹುಟ್ಟಿದ್ದು 2007ರಲ್ಲಿ, ಅಂದ್ರೆ ಅಪ್ಪ ರಿಟೈರ್ ಆದ ಮೇಲೆ. ಡಿಸ್ಚಾರ್ಜ್ ಬುಕ್‌ನಲ್ಲಿ ಅವನ ಹೆಸರೇ ಇಲ್ಲ.

ಅವ್ವ ಪ್ರತಿ ಸಲನೂ ಅಪ್ಪನ ಟ್ರಂಕಿನಿಂದ ಆ ಪುಸ್ತಕ ತೆಗೆದು ಸೀರೆ ಸೆರಗಲ್ಲಿ ಸುತ್ತಿಕೊಂಡು ಬರ್ತಾರೆ, ಬಸ್ಸಲ್ಲಿ ಯಾರ ಕೈಗೂ ಕೊಡಲ್ಲ. ಮೊನ್ನೆ ಕೇಳಿದರು, 'ಅಲ್ಲ, ನನ್ನನ್ನ ಯಲ್ಲವ್ವ ಅಂತ ಕರೀತಿದ್ದವರು ನಿಮ್ಮಪ್ಪ, ಹಂಗೇ ಬರೆಸಿದಾರ. ಅದರಾಗ ತಪ್ಪೇನೈತಿ?' ಏನು ಹೇಳಲಿ?

ನನ್ನ ಪ್ರಶ್ನೆ ಇಷ್ಟೇ. ಇದರಲ್ಲಿ ಯಾವ ಕೆಲಸ ಯಾರದು? ಈ ಆಫೀಸುಗಳು ಒಂದಕ್ಕೊಂದು ಮಾತಾಡೋದೇ ಇಲ್ವಾ?

ಬೆಣ್ಣೆದೋಸೆ:

ಇಷ್ಟೊಂದು ತಲೆ ಯಾಕೆ ಕೆಡಿಸ್ಕೊತೀರಿ, ಆಧಾರ್‌ನಲ್ಲೇ ಯಲ್ಲವ್ವ ಅಂತ ಮಾಡಿಸಿಬಿಡಿ. ಐವತ್ತೋ ಎಪ್ಪತ್ತೈದೋ ರೂಪಾಯಿ ಆಗುತ್ತೆ. ಮುಗೀತು.

ಸುಬೇದಾರ್ಸಾಬ್:

ಬೆಣ್ಣೆದೋಸೆಯವರೇ, ಹೇಳೋದು ಸುಲಭ. ಆಧಾರ್ ಬದಲಾಯಿಸಿದ್ರೆ ಅದರ ಹಿಂದೆ ಬ್ಯಾಂಕ್ ಪಾಸ್‌ಬುಕ್, ಪ್ಯಾನ್, ರೇಷನ್ ಕಾರ್ಡ್, ಹೊಲದ ಪಹಣಿ ಎಲ್ಲ ಬದಲಾಯಿಸಬೇಕು. ಆ ತಾಯಿಯ ಹೆಸರಲ್ಲಿ ಹೊಲ ಇದ್ರೆ ಅದೇ ಒಂದು ಬೇರೆ ರಾಮಾಯಣ. ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸುಮ್ನೆ ಖರ್ಚು ಮಾಡ್ಕೋಬಾರದು. ಎಲ್ಲ ಕಡೆ ಯಲ್ಲಮ್ಮ ಇದ್ದು ಸೈನ್ಯದಲ್ಲಿ ಮಾತ್ರ ಯಲ್ಲವ್ವ ಇದ್ರೆ ಸೈನ್ಯದ್ದೇ ಸರಿ ಮಾಡಿಸೋದು ಒಳ್ಳೇದು.

ಮಗಳೇ, ನಿಮ್ಮಪ್ಪನಿಗೆ ನನ್ನ ನಮಸ್ಕಾರ. ನಾನೂ 28 ವರ್ಷ ಸರ್ವಿಸ್ ಮಾಡಿ ಬಂದವನು, ಈಗ ನಮ್ಮ ತಾಲೂಕಿನ ಮಾಜಿ ಸೈನಿಕರ ಸಂಘದಲ್ಲಿ ಇಂಥ ಕಾಗದಪತ್ರ ನೋಡ್ಕೋತೀನಿ. ನಮ್ಮಲ್ಲಿಗೆ ಬರೋ ಕೇಸುಗಳಲ್ಲಿ ಈ ಅವ್ವ ಅಮ್ಮನ ಜಗಳನೇ ಜಾಸ್ತಿ. ಬಸವ್ವ ಬಸಮ್ಮ, ಗಂಗವ್ವ ಗಂಗಮ್ಮ. ಭರ್ತಿ ಆದಾಗಲೋ ಮದುವೆ ಆದಾಗಲೋ ಹುಡುಗ ಬಾಯಲ್ಲಿ ಹೇಳಿದ್ದನ್ನ ಹಿಂದಿ ಬರೋ ಕ್ಲರ್ಕ್ ಬರ್ಕೊಂಡಿರ್ತಾನೆ, ಅದು ನಲವತ್ತು ವರ್ಷ ಯಾರ ಕಣ್ಣಿಗೂ ಬೀಳಲ್ಲ, ಮನುಷ್ಯ ಹೋದ ಮೇಲೆ ಎದ್ದು ಕೂರುತ್ತೆ.

ಯಾರ ಕೆಲಸ ಏನು ಅಂತ ಕೇಳಿದೆಯಲ್ಲ. ಪೆನ್ಷನ್ ಕೊಡೋದು ಕೇಂದ್ರ. ಪ್ರಯಾಗ್‌ರಾಜ್‌ನಲ್ಲಿರೋ ರಕ್ಷಣಾ ಲೆಕ್ಕಪತ್ರದ ಪಿಸಿಡಿಎ ಆಫೀಸು, ಅದರ ಕಂಪ್ಯೂಟರ್ ವ್ಯವಸ್ಥೆನೇ ಸ್ಪರ್ಶ್. ಆದ್ರೆ ಅವರು ತಾವಾಗಿ ಒಂದು ಅಕ್ಷರನೂ ತಿದ್ದಲ್ಲ. ನಿಮ್ಮಪ್ಪನ ಮನೆಮಂದಿ ಯಾರು ಅಂತ ಹೇಳೋ ಅಧಿಕಾರ ಅವರ ರೆಕಾರ್ಡ್ ಆಫೀಸಿಗೆ ಮಾತ್ರ. ಅದು ಯಾವ ಊರಲ್ಲಿ ಅನ್ನೋದು ಅಪ್ಪ ಇದ್ದ ದಳದ ಮೇಲೆ. ಮರಾಠಾ ಲೈಟ್ ಇನ್‌ಫೆಂಟ್ರಿ ಆದ್ರೆ ಬೆಳಗಾವಿ, ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಆದ್ರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದ್ರೆ ವೆಲಿಂಗ್ಟನ್, ತೋಪಿನವರದು ನಾಸಿಕ್ ರೋಡ್, ಇಎಂಇ ಸಿಕಂದರಾಬಾದ್. ಅವರು ಪಾರ್ಟ್ ಟು ಆರ್ಡರ್ (ಸೈನಿಕನ ದಾಖಲೆ ತಿದ್ದೋ ಆದೇಶ) ಹೊರಡಿಸಿ ಪಿಸಿಡಿಎಗೆ ಕಳಿಸಿದ ಮೇಲೆ ತಿದ್ದಿದ ಪಿಪಿಓ, ಅಂದ್ರೆ ಪೆನ್ಷನ್ ಆದೇಶ ಪತ್ರ, ಬರುತ್ತೆ.

ಇವೆರಡರಲ್ಲಿ ರಾಜ್ಯ ಸರ್ಕಾರ ಎಲ್ಲಿದೆ? ಜಿಲ್ಲಾ ಸೈನಿಕ ಕಚೇರಿ ರಾಜ್ಯದ್ದು, ಬೆಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕೆಳಗೆ ಬರುತ್ತೆ. ಖರ್ಚಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಹೆಸರು ತಿದ್ದೋ ಅಧಿಕಾರ ಅವರಿಗೂ ಇಲ್ಲ. ಆದ್ರೆ 'ಈ ವಿಧವೆ ನಮ್ಮ ರಿಜಿಸ್ಟರ್‌ನಲ್ಲಿರೋ ಮಾಜಿ ಸೈನಿಕನ ಹೆಂಡತಿ, ಕಾಗದಗಳನ್ನ ಮೂಲ ಪ್ರತಿ ಜೊತೆ ನೋಡಿದೀವಿ' ಅಂತ ಸಹಿ ಮಾಡಿ, ಸೀಲ್ ಹಾಕಿ, ಮುಖಪತ್ರ ಇಟ್ಟು ಕಳಿಸೋದು ಅವರದೇ ಕೆಲಸ. ನೀನು ಮಾಡಿದ ತಪ್ಪು ಅಂದ್ರೆ ನೇರ ಪೋಸ್ಟ್ ಮಾಡಿದ್ದು. ಮುಖಪತ್ರ ಇಲ್ಲದ ಅರ್ಜಿ ಎಷ್ಟೋ ಸಲ ಹಂಗೇ ವಾಪಸ್ ಬರುತ್ತೆ, ಇಲ್ಲಾಂದ್ರೆ ಯಾವುದೋ ಮೂಲೇಲಿ ಕೂತಿರುತ್ತೆ. ಸೈನಿಕ ಕಚೇರಿಯವರು ನಿನ್ನನ್ನ ವಾಪಸ್ ಕಳಿಸಬಾರದಿತ್ತು, ಅದೂ ನಿಜ. 'ರೆಕಾರ್ಡ್‌ನವರು ಮಾಡಬೇಕು' ಅನ್ನೋದು ಸರಿ, 'ನಾವು ಕಳಿಸ್ತೀವಿ ಕೊಡಿ' ಅನ್ನೋದನ್ನ ನುಂಗಿಬಿಟ್ಟಿದ್ದಾರೆ.

ಅರ್ಜಿ ಜೊತೆ ಇಡಬೇಕಾದ್ದು: ಎರಡೂ ಹೆಸರು ಒಬ್ಬರದೇ ಅಂತ ಅವ್ವನ ಅಫಿಡವಿಟ್, ಮರಣ ಪತ್ರ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಓ ನಕಲು, ಆಧಾರ್, ಪ್ಯಾನ್, ಪಾಸ್‌ಬುಕ್. ಪೇಪರ್ ಪ್ರಕಟಣೆ ಕೇಳಿದ್ರೆ ಅದರ ಕಟಿಂಗ್. ಅಪ್ಪ ಅವ್ವ ಒಟ್ಟಿಗೆ ಇರೋ ಹಳೇ ಫೋಟೋ ಇದ್ರೆ ಅದರ ನಕಲೂ ಇಡು. ಅದೇ ಕಂತೆಯಲ್ಲಿ ತಮ್ಮನ ಹುಟ್ಟಿದ ಪ್ರಮಾಣಪತ್ರ ಸೇರಿಸಿ ಅವನ ಹೆಸರೂ ಸೇರಿಸಿ ಅಂತ ಕೇಳು. ಎರಡು ಬೇರೆ ಬೇರೆ ಅರ್ಜಿ, ಕವರ್ ಒಂದೇ.

ದಿನಾಂಕ ಬಿಡಬೇಡ. 'ಮೂರು ವರ್ಷ ಆಚೀಚೆ, ಏನಾಗುತ್ತೆ' ಅನ್ನಿಸುತ್ತೆ. ಆದ್ರೆ ನಿಮ್ಮವ್ವನಿಗೆ 80 ತುಂಬಿದಾಗ ಕುಟುಂಬ ಪಿಂಚಣಿ ಶೇ 20 ಜಾಸ್ತಿ ಆಗುತ್ತೆ, ಅದು ಈ ದಿನಾಂಕದ ಮೇಲೆ ನಿಂತಿದೆ.

ಕೊನೇದಾಗಿ ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಅಪ್ಪ ಹೋದ ಮೇಲೆ ಅವರ ಖಾತೆಗೆ ಪೆನ್ಷನ್ ಬಂತಾ?

ಟ್ರಂಕಿನಮಗಳು:

ಬಂತು ಸರ್, ಎರಡು ತಿಂಗಳು. ಒಂದು ತಿಂಗಳದ್ದು ತಿಥಿಗೆ ತೆಗೆದುಬಿಟ್ಟಿದ್ದೀವಿ. ಗೊತ್ತಿರಲಿಲ್ಲ.

ಸುಬೇದಾರ್ಸಾಬ್:

ಹೆದರಬೇಡ, ಎಲ್ಲರ ಮನೆಯಲ್ಲೂ ಆಗೋದೇ. ಇನ್ನೊಂದು ತಿಂಗಳದ್ದು ಮುಟ್ಟಬೇಡ. ಮರಣದ ಸುದ್ದಿ ಸ್ಪರ್ಶ್‌ನಲ್ಲಿ ಹಾಕಿಸಿದ್ದೀಯಾ ನೋಡ್ಕೋ. ತೆಗೆದ ದುಡ್ಡನ್ನ ಅವ್ವನ ಬಾಕಿಯಲ್ಲಿ ಹಿಡ್ಕೋತಾರೆ. ಕುಟುಂಬ ಪಿಂಚಣಿ ಅಪ್ಪ ತೀರಿದ ಮರುದಿನದಿಂದಲೇ ಲೆಕ್ಕ, ಕಾಗದ ತಡ ಆದ್ರೂ ಬಾಕಿ ಎಲ್ಲ ಸೇರಿ ಬರುತ್ತೆ. ಮೊದಲು ಹೆಚ್ಚಿನ ದರ ಇರುತ್ತೆ. ಅದು ಏಳು ವರ್ಷ, ಇಲ್ಲಾಂದ್ರೆ ಅಪ್ಪನಿಗೆ 67 ತುಂಬಬೇಕಿದ್ದ ದಿನ, ಯಾವುದು ಮೊದಲೋ ಅಲ್ಲೀತನಕ. ಆಮೇಲೆ ಕೊನೇ ಸಂಬಳದ ಶೇ 30ಕ್ಕೆ ಇಳಿಯುತ್ತೆ. ಆವತ್ತು ಪೆನ್ಷನ್ ಕಡಿಮೆ ಮಾಡಿದರು ಅಂತ ಗಾಬರಿ ಆಗಬೇಡಿ.

ನಾಡಕಚೇರಿಅಕ್ಕ:

ನಾನು ನಾಡಕಚೇರಿಯಲ್ಲಿ ಕೆಲಸ ಮಾಡ್ತೀನಿ, ಎಲ್ಲಿ ಅಂತ ಕೇಳಬೇಡಿ. ಸಾಬ್ ಹೇಳಿದ್ದೆಲ್ಲ ಸೈನ್ಯದ ಕಡೆದು, ನಮ್ಮ ಕಡೆದು ನಾನು ಹೇಳ್ತೀನಿ.

ತಂಗಿ, ನಿಮ್ಮ ವಂಶವೃಕ್ಷನ ಮತ್ತೆ ಮಾಡಿಸಬೇಕು. ನಮ್ಮ ಸಾಫ್ಟ್‌ವೇರ್ ಆಧಾರ್‌ನಿಂದ ಹೆಸರು ಎಳ್ಕೊಳ್ಳುತ್ತೆ, ಅದಕ್ಕೇ ಯಲ್ಲಮ್ಮ ಅಂತ ಬಂದಿದೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಆದ್ರೆ ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದು ಅಕ್ಕಪಕ್ಕದವರ ಹೇಳಿಕೆ ತಗೊಂಡು ಮಹಜರು ಮಾಡ್ತಾರಲ್ಲ, ಆಗಲೇ ಅವರ ಕೈಗೆ ಡಿಸ್ಚಾರ್ಜ್ ಬುಕ್ ನಕಲು ಕೊಟ್ಟು 'ಯಲ್ಲಮ್ಮ ಉರ್ಫ್ ಯಲ್ಲವ್ವ' ಅಂತ ಬರೆಯಿರಿ ಅಂತ ಕೇಳಬೇಕು. ಆ 'ಉರ್ಫ್' ಒಂದು ಪದ ಇಲ್ಲದೆ ಎಷ್ಟು ಜನ ಅಲೆದಿದ್ದಾರೆ ಅಂತ ನನಗೆ ಗೊತ್ತು. ಅಫಿಡವಿಟ್‌ನಲ್ಲೂ ಅದೇ ಉರ್ಫ್, ಅದೇ ಕಾಗುಣಿತ. ಒಂದು ಕಡೆ ಯಲ್ಲವ್ವ, ಇನ್ನೊಂದು ಕಡೆ ಎಲ್ಲವ್ವ ಅಂತ ಬರೆಸಿದ್ರೆ ಮತ್ತೆ ಮೊದಲಿಂದ! ಇಂಗ್ಲಿಷ್ ಅಕ್ಷರ ಡಿಸ್ಚಾರ್ಜ್ ಬುಕ್‌ನಲ್ಲಿ ಇರೋ ಹಾಗೇ ಇರಲಿ.

ತಮ್ಮನ ಹೆಸರೂ ಆ ವಂಶವೃಕ್ಷದಲ್ಲಿ ಇರೋ ಹಾಗೆ ನೋಡ್ಕೊಳ್ಳಿ.

ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಚೀಟಿ ಕೊಡ್ತಾರೆ, ನಂಬರ್ ಇರುತ್ತೆ, ಬಿಸಾಕಬೇಡಿ. ದಿನ ಮೀರಿದ್ರೆ ಆ ನಂಬರ್ ಇಟ್ಕೊಂಡೇ ಮೇಲ್ಮನವಿ ಹಾಕೋದು. ವಿಧವೆಯ ಗುರುತಿನ ಚೀಟಿಗೆ ಸೇವಾ ಸಿಂಧುವಿನಲ್ಲೇ ಅರ್ಜಿ ಹಾಕೋಕೆ ಆಗುತ್ತಾ ಅಂತ ಮೊದಲು ನೋಡಿ. ಎರಡೂವರೆ ಗಂಟೆ ಬಸ್ಸು ಒಂದು ಸಲ ಉಳಿದ್ರೂ ಉಳೀತು.

ಅಫಿಡವಿಟ್‌ಗೆ ವಕೀಲರಿಗೆ ಸಾವಿರಗಟ್ಟಲೆ ಕೊಡೋಕೆ ಹೋಗಬೇಡಿ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದವರು ವೀರ ಪರಿವಾರ ಸಹಾಯತಾ ಯೋಜನೆ ಅಂತ ಶುರು ಮಾಡಿದ್ದಾರೆ, ಸೈನಿಕ ಕಚೇರಿಗಳಲ್ಲೇ ಉಚಿತ ಕಾನೂನು ನೆರವು ಕೇಂದ್ರ ಇಡೋದು ಅದರ ಉದ್ದೇಶ. ಕೇಳಿ ನೋಡಿ. ಇಲ್ಲಾಂದ್ರೆ ನಿಮ್ಮ ಕೋರ್ಟ್ ಆವರಣದಲ್ಲಿರೋ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋಗಿ, ಹೆಣ್ಣುಮಕ್ಕಳಿಗೆ ಅಲ್ಲಿ ದುಡ್ಡು ಕೇಳಲ್ಲ.

ಕೆಂಪುಬಸ್ಸು:

ಎಲ್ಲರೂ ಬಹಳ ಚೆನ್ನಾಗಿ ದಾರಿ ಹೇಳ್ತಿದ್ದೀರಿ. ಆದ್ರೆ ಆ ಹುಡುಗಿ ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇವರು ಒಬ್ಬರಿಗೊಬ್ಬರು ಮಾತಾಡಲ್ವಾ ಅಂತ. ಇಲ್ಲ, ಮಾತಾಡಲ್ಲ. ನಮ್ಮ ಮಾವನವರ ಕೇಸಲ್ಲಿ ಒಂದೇ ಡಿಸ್ಚಾರ್ಜ್ ಬುಕ್ಕನ್ನ ಮೂರು ಕಡೆ ಮೂರು ಸಲ ಜೆರಾಕ್ಸ್ ಮಾಡಿ ಕೊಟ್ಟಿದ್ದೀನಿ. ಸೈನಿಕ ಕಚೇರಿಗೆ ಒಂದು, ನಗರಸಭೆಗೆ ಮನೆ ತೆರಿಗೆ ಅರ್ಧ ಬಿಡಿಸೋಕೆ ಒಂದು, ತಹಶೀಲ್ದಾರ್ ಆಫೀಸಿಗೆ ಜಮೀನಿನ ಅರ್ಜಿಗೆ ಒಂದು. ಮೂರೂ ರಾಜ್ಯ ಸರ್ಕಾರದ್ದೇ! ಒಬ್ಬರ ರಿಜಿಸ್ಟರ್ ಇನ್ನೊಬ್ಬರಿಗೆ ಕಾಣಲ್ಲ. ಅವರ ನಡುವಿನ ವೈರ್ ಅಂದ್ರೆ ನಾವೇ, ಬಸ್ ಟಿಕೆಟ್ ತಗೊಂಡು ಓಡಾಡೋ ವೈರು.

ಜಮೀನಿನದು ಕೇಳಲೇಬೇಡಿ. 1969ರ ಭೂ ಮಂಜೂರಾತಿ ನಿಯಮದಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಶೇ 10 ಅಂತ ಇದೆ. ಶೇ 10, ಸರಿ, ಯಾವುದರ ಶೇ 10? ಊರಲ್ಲಿ ಖಾಲಿ ಸರ್ಕಾರಿ ಜಮೀನು ಎಲ್ಲಿ ಉಳಿದಿದೆ? ಗೋಮಾಳ ಮುಟ್ಟೋ ಹಾಗಿಲ್ಲ, ಅರಣ್ಯ ಅಂತ ಒಂದಷ್ಟು, ಉಳಿದದ್ದು ಯಾರದೋ ಸಾಗುವಳಿ. ಅರ್ಜಿ ಕೊಟ್ಟು ಮಾವನವರು ಹೋಗೇಬಿಟ್ಟರು.

ಒಂದು ಕೆಲಸ ಮಾಡಿ ತಂಗಿ. ಜಿಲ್ಲಾ ಸೈನಿಕ ಮಂಡಳಿಗೆ ಅಧ್ಯಕ್ಷರು ಡಿಸಿ. ಸೈನಿಕ ಕಚೇರಿಯ ಅಧಿಕಾರಿ ಅದರ ಕಾರ್ಯದರ್ಶಿ. ತಹಶೀಲ್ದಾರರೂ ಡಿಸಿ ಕೆಳಗೇ ಬರ್ತಾರೆ. ಇಬ್ಬರ ತಲೆ ಮೇಲೂ ಇರೋದು ಡಿಸಿ ಕುರ್ಚಿನೇ. ನಿಮಗೆ ಮಾತ್ರ ಸೈನಿಕ ಕಚೇರಿ ಪಕ್ಕದ ಜಿಲ್ಲೆಯದು, ಡಿಸಿನೂ ಬೇರೆ. ಎರಡು ಕಡೆಯ ತಕರಾರನ್ನ ಒಂದೇ ಅರ್ಜಿಯಲ್ಲಿ ಬರೆದು ಎರಡೂ ಜಿಲ್ಲೆಯ ಡಿಸಿ ಆಫೀಸಿನ ಟಪಾಲಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಡಿಸೆಂಬರ್ 7ರ ಧ್ವಜ ದಿನ ಬಂದಾಗ ಎಲ್ಲರೂ ಎದೆಗೆ ಚಿಕ್ಕ ಬಾವುಟ ಚುಚ್ಚಿಕೊಂಡು ಫೋಟೋ ಹಾಕ್ತಾರೆ, ಸಿಟ್ಟು ಬರುತ್ತೆ ನನಗೆ.

ಸುಬೇದಾರ್ಸಾಬ್:

ಕೆಂಪುಬಸ್ಸು ಸ್ವಾಮಿ, ಸಿಟ್ಟು ಸರಿ. ಆದ್ರೆ ಡಿಸಿ ಅರ್ಜಿಯನ್ನ ಮೊದಲನೇ ದಿನವೇ ಹಾಕಬೇಡಿ. ಅದು ಸುತ್ತಿ ಸುತ್ತಿ ಅದೇ ಸೈನಿಕ ಕಚೇರಿಯ ಅದೇ ಟೇಬಲ್ಲಿಗೆ ಬಂದು ಬೀಳುತ್ತೆ, ಆಗ ಆ ಟೇಬಲ್ಲಿನವರ ಮುಖ ನೋಡಬೇಕು. ಮೊದಲು ಕಂತೆ ಸರಿ ಮಾಡಿಕೊಂಡು ಹೋಗಿ, ಸಾಹೇಬರನ್ನೇ ನೋಡಿ. ಅಲ್ಲಿ ಮುಖ್ಯ ಅಧಿಕಾರಿ ಸಾಮಾನ್ಯವಾಗಿ ಸೈನ್ಯದಿಂದ ಬಂದವರೇ ಇರ್ತಾರೆ. ಹವಾಲ್ದಾರನ ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ ಅಂದ್ರೆ ಒಳಗೆ ಕರೀತಾರೆ, ಕ್ಲರ್ಕ್ ಹತ್ರ ನಿಂತು ವಾಪಸ್ ಬರಬೇಡಿ. ಆಗಲೂ ಆಗಲಿಲ್ಲ ಅಂದ್ರೆ ಡಿಸಿ.

ಕೆಂಪುಬಸ್ಸು:

ಸರಿ ಸಾಬ್, ಅದು ಒಪ್ಪಿದೆ. ನಾನು ಮೊದಲನೇ ದಿನವೇ ಹಾಕಿದ್ದೆ, ಮುಖನೂ ನೋಡಿದ್ದೆ.

ಪಿಯುಮೇಷ್ಟ್ರು:

ತಮ್ಮನ ಸಿಇಟಿ ವಿಷಯ ಯಾರೂ ಎತ್ತಿಲ್ಲ, ಅದಕ್ಕೇ ಬರೀತಿದ್ದೀನಿ, ಯಾಕಂದ್ರೆ ಅದಕ್ಕೆ ಕಾಯೋ ಟೈಮ್ ಇಲ್ಲ. ಸಿಇಟಿ ಅರ್ಜಿ ತುಂಬೋವಾಗಲೇ ಮಾಜಿ ಸೈನಿಕರ ಮಕ್ಕಳ ಕೋಟಾ ಅಂತ ಗುರುತು ಹಾಕಬೇಕು, ಆಮೇಲೆ ಸೇರಿಸಿ ಅಂತ ಬೇಡಿಕೊಂಡು ಬರೋ ಮಕ್ಕಳನ್ನ ಪ್ರತಿ ವರ್ಷ ನೋಡ್ತೀನಿ. ಮೂಲ ದಾಖಲೆಗಳ ಪರಿಶೀಲನೆಗೆ ಪರೀಕ್ಷಾ ಪ್ರಾಧಿಕಾರದವರು ದಿನ ಕೊಡ್ತಾರೆ, ಆಗ ಸೈನಿಕ ಕಚೇರಿಯ ಪ್ರಮಾಣಪತ್ರ ಕೈಯಲ್ಲಿರಬೇಕು. ಪಾರ್ಟ್ ಟು ಆರ್ಡರ್ ಅಷ್ಟರಲ್ಲಿ ಬರದೇ ಇದ್ರೆ ಏನು ಮಾಡೋದು ಅಂತ ಈಗಲೇ ಆ ಕಚೇರಿಯಲ್ಲಿ ಕೇಳಿ, ಹುಡುಗನ ಹುಟ್ಟಿದ ಪ್ರಮಾಣಪತ್ರ, ಎಸ್ಎಸ್ಎಲ್‌ಸಿ ಅಂಕಪಟ್ಟಿ, ವಂಶವೃಕ್ಷ ಮೂರನ್ನೂ ತಗೊಂಡು ಹೋಗಿ.

ಇಂಜಿನಿಯರಿಂಗ್ ತರಹದ ವೃತ್ತಿ ಕೋರ್ಸಿಗೆ ಸೇರಿದ್ರೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಮೊದಲನೇ ವರ್ಷದಲ್ಲೇ ಅರ್ಜಿ ಹಾಕಬೇಕು. ಪಿಯುನಲ್ಲಿ ಶೇ 60 ಬಂದಿರಬೇಕು. ಗಂಡುಮಕ್ಕಳಿಗೆ ತಿಂಗಳಿಗೆ 2,500, ಹೆಣ್ಣುಮಕ್ಕಳಿಗೆ 3,000. ದುಡ್ಡು ದಿಲ್ಲಿಯ ಕೇಂದ್ರೀಯ ಸೈನಿಕ ಮಂಡಳಿಯದು, ಆದ್ರೆ ಕಾಗದ ನೋಡಿ ಮುಂದಕ್ಕೆ ಕಳಿಸೋದು ಮತ್ತೆ ನಿಮ್ಮ ಅದೇ ಜಿಲ್ಲಾ ಕಚೇರಿ. ಅದಕ್ಕೇ ಅವರ ಜೊತೆ ಜಗಳ ಬೇಡ ಅಂತ ನಾನೂ ಹೇಳ್ತೀನಿ.

ತಂಗಿ ಮದುವೆಗೂ ಕೇಂದ್ರೀಯ ಸೈನಿಕ ಮಂಡಳಿಯಿಂದಲೇ ಸಹಾಯ ಇದೆ. ಹವಾಲ್ದಾರ್ ದರ್ಜೆವರೆಗಿನವರ ಹೆಣ್ಣುಮಕ್ಕಳಿಗೆ ಮೊದಲು 50 ಸಾವಿರ ಇತ್ತು, 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 1 ಲಕ್ಷ ಮಾಡಿದ್ದಾರೆ. ಮದುವೆಗೆ ಮುಂಚೆ ಕೊಡಲ್ಲ, ಆದ ಮೇಲೆ 180 ದಿನದೊಳಗೆ ಅರ್ಜಿ. ಮದುವೆ ನೋಂದಣಿ ಮಾಡಿಸಿ. ಲಗ್ನಪತ್ರಿಕೆ ಒಂದನ್ನೇ ನಂಬ್ಕೊಂಡು ಕೂರಬೇಡಿ. ಹಾಂ, ಆ ಪತ್ರಿಕೆಯಲ್ಲಿ ಅವ್ವನ ಹೆಸರು ಏನಂತ ಹಾಕಿಸ್ತಿದ್ದೀರಿ?

ಟ್ರಂಕಿನಮಗಳು:

ಮೇಷ್ಟ್ರೇ, ನಿಮ್ಮ ಕೊನೇ ಸಾಲು ಓದಿ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಪತ್ರಿಕೆ ಪ್ರೆಸ್ಸಿಗೆ ಹೋಗಿತ್ತು, ಈಗ ಫೋನ್ ಮಾಡಿ ನಿಲ್ಲಿಸಿದೆ. 'ಉರ್ಫ್' ಹಾಕಿ ಅಂದೆ. ಪ್ರೆಸ್ಸಿನವನು 'ಮದುವೆ ಕಾಗದದಾಗ ಉರ್ಫ್ ಯಾರು ಹಾಕಿಸ್ತಾರ್ರೀ' ಅಂದ. ಅವ್ವ ಮಾತ್ರ ಯಲ್ಲವ್ವ ಅಂತಲೇ ಇರಲಿ ಅಂತ ಕೂತಿದ್ದಾರೆ. ನೋಡಬೇಕು.

ಸಾಬ್, ಹಳೇ ಫೋಟೋ ಸಿಕ್ತು. 1995ರದ್ದು, ಸ್ಟುಡಿಯೋದಲ್ಲಿ ತೆಗೆಸಿದ್ದು, ಅಪ್ಪ ಯೂನಿಫಾರ್ಮ್‌ನಲ್ಲಿ. ಹಿಂದೆ ಅಪ್ಪನ ಕೈಬರಹದಲ್ಲಿ ಎರಡು ಹೆಸರು, ತಾರೀಖು. ಅಲ್ಲೂ ಯಲ್ಲವ್ವನೇ. ಮೂಲ ಫೋಟೋ ಕಳಿಸಬೇಕಾ? ಅವ್ವ ಕೊಡಲ್ಲ ಅಂತಿದ್ದಾರೆ.

ಅಕ್ಕ, ನಾಳೆ ಗ್ರಾಮ ಆಡಳಿತಾಧಿಕಾರಿನ ನೋಡ್ತೀನಿ.

ಸುಬೇದಾರ್ಸಾಬ್:

ಬೇಡ ಬೇಡ, ಮೂಲ ಫೋಟೋ ಯಾರಿಗೂ ಕೊಡಬೇಡಿ. ಎರಡೂ ಕಡೆ ಕಲರ್ ಜೆರಾಕ್ಸ್ ಮಾಡಿಸಿ, ಸೈನಿಕ ಕಚೇರಿಯಲ್ಲಿ ಮೂಲ ತೋರಿಸಿ ಸಹಿ ಹಾಕಿಸಿಕೊಂಡು ಅಲ್ಲೇ ವಾಪಸ್ ತಗೋ. ಡಿಸ್ಚಾರ್ಜ್ ಬುಕ್ಕೂ ಅಷ್ಟೇ, ಅವ್ವ ಸೆರಗಲ್ಲಿ ಸುತ್ತಿಕೊಂಡು ಬರೋದು ಸರಿಯಾಗಿದೆ.

ಎರಡು ವಿಷಯ ಮರೆತಿದ್ದೆ. ಒಂದು, ಇಸಿಎಚ್ಎಸ್ ಕಾರ್ಡ್, ಅಂದ್ರೆ ಮಾಜಿ ಸೈನಿಕರ ಆಸ್ಪತ್ರೆ ಚಿಕಿತ್ಸೆಯ ಯೋಜನೆಯದು. ಅವ್ವನ ಸದಸ್ಯತ್ವ ಅಪ್ಪನ ಜೊತೆ ಮುಗಿಯಲ್ಲ. ಪಾಲಿಕ್ಲಿನಿಕ್‌ಗೆ ಮರಣ ಪತ್ರ ಕೊಟ್ಟು ದಾಖಲೆ ಬದಲಾಯಿಸು. ತಮ್ಮ ದುಡಿಯೋಕೆ ಶುರು ಮಾಡೋತನಕ ಇಲ್ಲಾಂದ್ರೆ 25 ತುಂಬೋತನಕ ಸೇರಿಸಬಹುದು, ಅವನ ಹೆಸರಿನ ಆರ್ಡರ್ ಬಂದ ಮೇಲೆ. ಎರಡು, ಸೈನ್ಯದ ಗುಂಪು ವಿಮೆ ರಿಟೈರ್ ಆದ ಮೇಲೂ ಒಂದಷ್ಟು ವರ್ಷ ಮುಂದುವರಿಯೋದು ಬಹಳ ಮನೆಗಳಿಗೆ ಗೊತ್ತೇ ಇರಲ್ಲ. ಎಜಿಐಎಫ್ ಅಂತಾರೆ. ಟ್ರಂಕಿನಲ್ಲಿ ಅದರ ಸರ್ಟಿಫಿಕೇಟ್ ಇದೆಯಾ ಹುಡುಕು, ತಳದಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟಿರ್ತಾರೆ ನಮ್ಮವರು. ಸಿಕ್ಕಿದ್ರೆ ರೆಕಾರ್ಡ್ ಆಫೀಸಿಗೆ ಅದರ ಬಗ್ಗೆಯೂ ಒಂದು ಅರ್ಜಿ ಬರಿ.

ಪ್ರತಿ ಹಾಳೆಯ ಮೇಲೂ, ಕವರ್ ಮೇಲೂ ಅಪ್ಪನ ಆರ್ಮಿ ನಂಬರ್, ರ‍್ಯಾಂಕ್, ಹೆಸರು ಬರಿ. ಅವರಿಗೆ ಯಲ್ಲವ್ವ ಯಲ್ಲಮ್ಮ ಯಾರೂ ಗೊತ್ತಿಲ್ಲ, ಆ ನಂಬರ್ ಒಂದು ಗೊತ್ತು.

ಟ್ರಂಕಿನಮಗಳು:

ಸಾಬ್, ಸಿಕ್ತು. ತಳದಲ್ಲೇ ಇತ್ತು, ಪ್ಲಾಸ್ಟಿಕ್ ಕವರ್‌ನಲ್ಲೇ.